ನಡುವಿನ ಸೀಟು

ಕೊರೊನಾ ಬೇಸಿಗೆ. ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಗಂಟಲು ಪರೀಕ್ಷೆಯ ವರದಿಗೆ ಕಾಯುತ್ತಿದ್ದೆ. ಮುಂದಿನ ಬೆಂಚಿನಲ್ಲಿ, ದಿಲ್ಲಿಯಿಂದ ವಿಮಾನದಲ್ಲಿ ಬಂದಿದ್ದ ಹೊನವಾಡದ ಗಂಡ ಹೆಂಡತಿ ಜಗಳಕ್ಕೆ ಬಿದ್ದಿದ್ದರು.

"ಕೆಮ್ಮಾಂವನ ಬಾಜೂಕ ನನ್ನ ಕುಂದ್ರಿಸಿ, ನೀವು ಕಿಟಕಿ ಹಿಡದ್ರಿ."

"ಟಿಕೀಟಿನ್ಯಾಗ ಹಂಗ ಇತ್ತು. ನಾ ಏನ್ ಮಾಡ್ಲಿ?"

"ರೋಗ ಹತ್ತಬಾರ್ದಂತ ವಿಮಾನದಾಗ ನಡುವಿನ ಸೀಟಿನವರಿಗೆ ಕೊಟ್ಟ ಗೌನೂ ನೀವ ಹಾಕ್ಕೊಂಡ್ರಿ!"

"ನನಗ ಸಕ್ಕರಿ ಬ್ಯಾನಿ ಐತಿ. ನೀ ಗಟ್ಟಿ ಅದಿ."

"ಗಟ್ಟಿ ಅದೀನಂತ ನನ್ನ ಅಡ್ಡ ಗ್ವಾಡಿ ಮಾಡ್ಕೊಂಡ್ರೇನು?"

"ಬಾಯಿ ಮುಚ್ಚ. ಮಂದಿ ಕೇಳಾಕತ್ತಾರ."

"ಕೇಳ್ಲಿ!"

ನರ್ಸ್ ಬಾಗಿಲಿಗೆ ಬಂದಳು. "ಶಂಕ್ರೆಪ್ಪ ಪಾಸಿಟಿವ್, ವಾರ್ಡಿಗೆ ಬರ್ರಿ. ಗೌರಾಬಾಯಿ ನೆಗೆಟಿವ್, ಮನಿಗೆ ಹೋಗ್ರಿ."

ಶಂಕ್ರೆಪ್ಪ ಹೆಂಡತಿಯತ್ತ ತಿರುಗಿದ. "ಗೌರಾ, ಒಬ್ಬನ ಹೆಂಗ ಇರ್ಲಿ?"

ಆಕೆ ಚೀಲ ಎತ್ತಿಕೊಂಡು ಗೇಟಿನತ್ತ ನಡೆಯುತ್ತಲೇ ಅಂದಳು:

"ಕಿಟಕಿ ಬಾಜೂಕಿನ ಕಾಟ್ ಕೇಳಿ ತಗೊಳ್ರಿ."