ಕೆಂಪು ಗುಂಡಿಯ ಎರಡು ವೈರು

ಬಾಗಿಲು ಸರಿಯಾಗಿ ಹಾಕಿಕೊಂಡು ಕೂತುಕೊಳ್ಳಿ. ದೇವರ ಹೆಸರು ಹೇಳಿಕೊಂಡೇ ಶುರು ಮಾಡುತ್ತೇನೆ, ಏಕೆಂದರೆ ಇದು ಕಟ್ಟಿದ ಕತೆಯಲ್ಲ. ನನ್ನ ದೊಡ್ಡಪ್ಪನ ಮಗನಿಗೆ ಆದದ್ದು. ನಾನು ಅವನನ್ನು ಅಣ್ಣ ಎನ್ನುತ್ತೇನೆ. ಇಲ್ಲೂ ಹಾಗೇ ಕರೆಯುತ್ತೇನೆ.

ಆ ರಾತ್ರಿ ಅಣ್ಣ ವರ್ಕ್‌ಶಾಪಿನ ಶಟರ್ ಎಳೆದು, ಬೀಗ ಹಾಕಿ, ಬೀಗವನ್ನು ಎರಡು ಸಲ ಜಗ್ಗಿ ನೋಡಿ ಮನೆಗೆ ಹೊರಟ. ಹತ್ತೂವರೆ ದಾಟಿತ್ತು. ವರ್ಕ್‌ಶಾಪಿನ ಹಿಂದೆ ಒಂದು ಹಾಳು ಬಾವಿ. ನೀರಿಲ್ಲ, ಮೇಲೆ ಕಬ್ಬಿಣದ ಜಾಲರಿ. ದಾರಿ ಅದರ ಪಕ್ಕದಲ್ಲೇ. ಬಾವಿಯ ಕಟ್ಟೆ ದಾಟುವಾಗ ಹಿಂದಿನಿಂದ ಒಂದು ಸದ್ದು.

ಕಿರ್...

ಸ್ವಲ್ಪ ಹೊತ್ತು ಏನೂ ಇಲ್ಲ.

ಕಿರ್... ಕಿರ್...

ಆಮೇಲೆ, ಟಪ್.

ಅಣ್ಣ ನಿಂತ. ಇಲಿಯಲ್ಲ. ಇಲಿ ಇಷ್ಟು ಅಳೆದು ಕೆಲಸ ಮಾಡುವುದಿಲ್ಲ. ಇಪ್ಪತ್ತು ವರ್ಷ ಸ್ಕ್ರೂ ಬಿಚ್ಚಿದ ಕಿವಿ ಅವನದು. ಬಿಗಿಯಾಗಿದ್ದ ಚಿಕ್ಕ ಸ್ಕ್ರೂ ಒಂದನ್ನು ಯಾರೋ ತಿರುಗಿಸುತ್ತಿದ್ದಾರೆ. ಬೀಗ ಹಾಕಿದ ಶಟರಿನ ಒಳಗೆ. ಕತ್ತಲಲ್ಲಿ.

ಹೋಗಿ ನೋಡಬೇಕಿತ್ತು. ಹೋಗಲಿಲ್ಲ. ಹೆದರಿಕೆಯಿಂದಲ್ಲ ಎನ್ನುತ್ತಾನೆ, ನಾನು ನಂಬಿದ್ದೇನೆ. ಹೋದರೆ ಒಳಗೆ ಯಾರು ಸಿಕ್ಕುತ್ತಾರೆ ಎಂಬುದು ತನಗೆ ಗೊತ್ತು ಎಂದುಕೊಂಡಿದ್ದ. ವರ್ಕ್‌ಶಾಪಿಗೆ ಇದ್ದದ್ದು ಎರಡೇ ಕೀಲಿ. ಒಂದು ಅವನ ಜೇಬಿನಲ್ಲಿ. ಇನ್ನೊಂದು ಭಾವನ ಹತ್ತಿರ.

ಭಾವ ಎಂದರೆ ಅಣ್ಣನ ಅಕ್ಕನ ಗಂಡ. ಮೂವತ್ತು ವರ್ಷದ ಎಲೆಕ್ಟ್ರಿಷಿಯನ್. ತಾಯಿ ಹೋದ ಮೇಲೆ ಅಣ್ಣನನ್ನು ಸಾಕಿದ್ದು ಆ ಅಕ್ಕನೇ. ಅವಳ ಮನೆಯಲ್ಲೇ ಉಂಡು, ಅವಳು ಒಗೆದ ಬಟ್ಟೆ ಹಾಕಿಕೊಂಡು ದೊಡ್ಡವನಾದವನು. ಅಂಥ ಮನೆಯ ಯಜಮಾನನನ್ನು ರಾತ್ರಿ ಹನ್ನೊಂದಕ್ಕೆ ಕಳ್ಳನ ಹಾಗೆ ಹಿಡಿಯುವುದು ಹೇಗೆ? ಹಿಡಿದ ಮೇಲೆ ಅಕ್ಕನ ಮುಖ ನೋಡುವುದು ಹೇಗೆ? ಅಣ್ಣ ಸುಮ್ಮನೆ ಮನೆಗೆ ಹೋದ. ನಿದ್ದೆ ಬರಲಿಲ್ಲ.

ಅನುಮಾನಕ್ಕೆ ಕಾರಣವಿತ್ತು. ಇಬ್ಬರೂ ಸೇರಿ ಮುಚ್ಚಿದ ಕಾರ್ಖಾನೆಯೊಂದರಿಂದ ಒಂದು ಹಳೆಯ ಸಿಎನ್‌ಸಿ ಮಿಲ್ಲಿಂಗ್ ಮಷಿನ್ ತಂದಿದ್ದರು. ಬರೆದುಕೊಟ್ಟ ಅಳತೆಯಂತೆ ತಾನೇ ಓಡಿ ಲೋಹ ಕೊರೆಯುವ ಯಂತ್ರ. ಮೈ ಆನೆಯಂತೆ ಗಟ್ಟಿ, ತಲೆ ಮಾತ್ರ ಕೆಟ್ಟಿತ್ತು. ಆ ತಲೆ ಎಂದರೆ ಪಕ್ಕದಲ್ಲಿದ್ದ ಬೀರುವಿನಷ್ಟು ಎತ್ತರದ ಪ್ಯಾನೆಲ್. ಅದನ್ನೇ ರಿಪೇರಿ ಮಾಡೋಣ ಎಂದು ಭಾವ. ಒಳಗಿನದನ್ನೆಲ್ಲ ಕಿತ್ತುಹಾಕಿ, ಕಂಪ್ಯೂಟರಿನ ಮಾತನ್ನು ಮಷಿನ್ನಿಗೆ ದಾಟಿಸುವ ಒಂದು ಕಾರ್ಡ್ ಕೂರಿಸಿ, ಪಿಸಿಯಿಂದ ಓಡಿಸೋಣ ಎಂದು ಅಣ್ಣ. ಒಂದು ವಾರ ವಾದ ನಡೆಯಿತು.

"ನಿನ್ನ ಪಿಸಿ ಮನೇಲಿ ಹಾಡು ಕೇಳೋಕೆ ಸರಿ ಕಣಯ್ಯ," ಎಂದಿದ್ದರು ಭಾವ. "ಇದು ಎರಡು ಟನ್ ಕಬ್ಬಿಣ. ಹಾಡಲ್ಲ."

"ಕಾಲ ಎಲ್ಲಿಗೆ ಹೋಗಿದೆ ನೋಡಿ ಭಾವ."

"ಎಲ್ಲಿಗೆ ಬೇಕಾದರೂ ಹೋಗಲಿ. ನನ್ನನ್ನ ಕೇಳಿ ಹೋಯ್ತಾ?"

ಕೊನೆಗೆ ಅಣ್ಣನ ಮಾತೇ ನಡೆಯಿತು. ಭಾವ ಒಪ್ಪಿ ಕಾರ್ಡಿಗೆ ವೈರಿಂಗ್ ಮಾಡಿಕೊಟ್ಟರು, ಮನಸ್ಸಿಲ್ಲದೆ. ಮಷಿನ್ ಲಾರಿಗೆ ಏರಿಸುವಾಗ ಆ ಮುಚ್ಚಿದ ಕಾರ್ಖಾನೆಯ ಕಾವಲುಗಾರ ಒಂದು ಮಾತು ಹೇಳಿದ್ದನಂತೆ. "ಇಪ್ಪತ್ತೆಂಟು ವರ್ಷ ಒಬ್ಬರೇ ನಡೆಸಿದ್ದು ಸ್ವಾಮಿ. ಎಡಗೈಯಲ್ಲಿ ಎರಡು ಬೆರಳಿರಲಿಲ್ಲ ಅವರಿಗೆ, ಬೇರೆ ಮಷಿನ್ ತಿಂದಿತ್ತು. ಇದನ್ನ ಮಾತ್ರ ಇನ್ನೊಬ್ಬರಿಗೆ ಮುಟ್ಟೋಕೆ ಬಿಡ್ತಿರಲಿಲ್ಲ. ತೀರಿಕೊಂಡು ಎರಡು ವರ್ಷ ಆಯ್ತು." ಆಗ ಇಬ್ಬರೂ ಹಗ್ಗ ಬಿಗಿಯುವ ಗಡಿಬಿಡಿಯಲ್ಲಿದ್ದರು.

ಸರಿ. ಆ ರಾತ್ರಿಯ ಮರುದಿನ ಬೆಳಿಗ್ಗೆ ಪಿಸಿ ಹಾಕಿದರೆ ಮಷಿನ್ ಏಳಲಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರ: ತುರ್ತು ನಿಲುಗಡೆ. ಮಷಿನ್ನಿನ ಮುಂದೆ ಅಣಬೆಯಂತೆ ಒಂದು ಕೆಂಪು ಗುಂಡಿ ಇರುತ್ತದಲ್ಲ, ಅಪಾಯ ಬಂದರೆ ಅಂಗೈಯಿಂದ ಗುದ್ದುವುದು, ಅದನ್ನು ಯಾರೂ ಒತ್ತಿರಲಿಲ್ಲ. ಪ್ಯಾನೆಲ್ ತೆಗೆದು ನೋಡಿದರೆ ಆ ಗುಂಡಿಯಿಂದ ಬಂದ ಎರಡು ವೈರು ಕಾರ್ಡಿನಿಂದ ಬಿಚ್ಚಿಕೊಂಡು ನೇತಾಡುತ್ತಿವೆ.

"ಸಡಿಲ ಇತ್ತೇನೋ," ಎಂದರು ಭಾವ. ಎಂದವರು ಅಣ್ಣನ ಮುಖ ಒಂದು ಕ್ಷಣ ಹೆಚ್ಚಿಗೆ ನೋಡಿದರು.

ಭಾವ ವೈರು ಮತ್ತೆ ಹಾಕಿ ಬಿಗಿ ಮಾಡಿದರು. ಸಂಜೆ ಅವರು ಕೈ ತೊಳೆಯಲು ಹೋದಾಗ ಅಣ್ಣ ಹೆಂಡತಿಯ ನೇಲ್ ಪಾಲಿಶ್ ಜೇಬಿನಿಂದ ತೆಗೆದ. ಎರಡೂ ಸ್ಕ್ರೂವಿನ ತಲೆಗೆ, ಅಂಚು ದಾಟುವ ಹಾಗೆ ಒಂದೊಂದು ಗೆರೆ ಎಳೆದ. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಫಿಟ್ಟರುಗಳ ಹಳೆಯ ಉಪಾಯ. ಮೈದುನನೊಬ್ಬ ಭಾವನ ಮೇಲೆ ಪ್ರಯೋಗಿಸಿದ್ದನ್ನು ಮಾತ್ರ ನಾನು ಬೇರೆಲ್ಲೂ ಕೇಳಿಲ್ಲ.

ಬೆಳಿಗ್ಗೆ ಅಣ್ಣ ಶಟರ್ ಎತ್ತುವಾಗಲೇ ಭಾವ ಹಿಂದೆ ಬಂದು ನಿಂತಿದ್ದರು. ಅಣ್ಣ ಸರಕ್ಕನೆ ಪ್ಯಾನೆಲ್ ಬಾಗಿಲು ಎಳೆದ. ಗೆರೆ ಮುರಿದಿತ್ತು. ವೈರು ನೇತಾಡುತ್ತಿತ್ತು.

"ಭಾವ, ಇನ್ನು ಸಾಕು," ಎಂದ ಅಣ್ಣ. "ಪಿಸಿ ಬೇಡ ಅಂದರೆ ಬೇಡ ಅನ್ನಿ. ರಾತ್ರಿ ಬಂದು ಬಿಚ್ಚೋದು ಯಾಕೆ?"

ಭಾವ ಮೊದಲು ನಕ್ಕರು. ಆಮೇಲೆ ನಗು ನಿಂತಿತು. "ನಾನಾ? ನೀನೇ ಬಿಚ್ಚಿ ನನ್ನ ತಲೆಗೆ ಕಟ್ಟೋಕೆ ನೋಡ್ತಿದ್ದೀಯ. ಭಾವನಿಗೆ ವಯಸ್ಸಾಯ್ತು, ಸ್ಕ್ರೂ ಬಿಗಿ ಮಾಡೋಕೂ ಬರಲ್ಲ ಅಂತ ಅಕ್ಕನ ಹತ್ತಿರ ಹೇಳೋಕೆ. ಬಾಗಿಲ ಮೇಲಂಚು ನೋಡು."

ಬಾಗಿಲ ಮೇಲಂಚಿನಲ್ಲಿ, ಕಣ್ಣಿಗೆ ಬೀಳದ ಕಡೆ, ಪೇಪರಿನ ಒಂದು ಸಣ್ಣ ಪಟ್ಟಿ ಅಂಟಿತ್ತು. ಅರ್ಧ ಬಾಗಿಲಿನಲ್ಲಿ, ಅರ್ಧ ಚೌಕಟ್ಟಿನಲ್ಲಿ. ಭಾವನೂ ನಿನ್ನೆ ಸಂಜೆ ಗುರುತು ಹಾಕಿ ಹೋಗಿದ್ದರು! ಪಟ್ಟಿ ಹರಿದದ್ದು ಈಗತಾನೆ, ಅಣ್ಣ ಎಳೆದಾಗ. ಹರಿದ ಅಂಚು ಬೆಳ್ಳಗಿತ್ತು.

ಅಂದರೆ ರಾತ್ರಿಯೆಲ್ಲ ಬಾಗಿಲು ತೆರೆದಿಲ್ಲ. ಒಳಗಿನ ಸ್ಕ್ರೂ ಮಾತ್ರ ತಿರುಗಿದೆ.

"ನೀವು ಅಂಟಿಸಿದ ಪೇಪರು," ಎಂದ ಅಣ್ಣ. "ಹರಿದು ಮತ್ತೆ ಅಂಟಿಸೋಕೆ ಎಷ್ಟು ಹೊತ್ತು?"

ಆ ಮಾತು ಆಡಬಾರದಿತ್ತು. ಅವನೇ ಇವತ್ತಿಗೂ ಹೇಳುತ್ತಾನೆ. ಭಾವ ತಮ್ಮ ಕೀಲಿ ತೆಗೆದು ಮೇಜಿನ ಮೇಲೆ ಇಟ್ಟು ಹೊರಟೇಬಿಟ್ಟರು.

ಮಧ್ಯಾಹ್ನಕ್ಕೆ ಅಕ್ಕ ಬಂದಳು. ಗಟ್ಟಿಯಾಗಿ ಮಾತಾಡುವವಳಲ್ಲ. ಬಾಗಿಲಲ್ಲೇ ನಿಂತು ಹೇಳಿದಳು. "ಅವರು ಊಟ ಮಾಡಿಲ್ಲ. ನೀನೂ ಮಾಡಿರಲ್ಲ, ನನಗೆ ಗೊತ್ತು. ನಿಮ್ಮಿಬ್ಬರಲ್ಲಿ ಕಳ್ಳ ಯಾರು ಅಂತ ನಾನು ಕೇಳಲ್ಲ. ನಾಳೆ ಬೆಳಿಗ್ಗೆ ಬಂದರೆ ಇಬ್ಬರೂ ಒಟ್ಟಿಗೆ ಬನ್ನಿ. ಒಬ್ಬನೇ ಆದರೆ ನೀನು ನನ್ನ ಹೊಸಿಲು ತುಳಿಯಬೇಡ. ಅವರಿಗೂ ಇದೇ ಮಾತು ಹೇಳಿದ್ದೀನಿ."

ಹಾಗಾಗಿ ಆ ರಾತ್ರಿ ಇಬ್ಬರೂ ಕಾವಲು ಕೂತರು. ಪ್ರೀತಿಯಿಂದಲ್ಲ. ಒಬ್ಬರನ್ನೊಬ್ಬರು ಕಾಯಲು. ಪ್ಯಾನೆಲ್ ಬಾಗಿಲಿಗೆ ಹೊಸ ಪಟ್ಟಿ ಅಂಟಿಸಿ ಅದರ ಮೇಲೆ ಇಬ್ಬರೂ ಸಹಿ ಹಾಕಿದರು. ಮೇನ್ ಬೋರ್ಡಿನ ಫ್ಯೂಸು ಕಿತ್ತು ಅಣ್ಣ ಇಟ್ಟುಕೊಂಡ. ಎರಡೂ ಕೀಲಿ ಭಾವ ಇಟ್ಟುಕೊಂಡರು. ಎರಡು ಸ್ಟೂಲು, ಒಂದು ಟಾರ್ಚು. ಶಟರ್ ಒಳಗಿನಿಂದ ಎಳೆದಿದ್ದರು.

ಹನ್ನೆರಡಾಯಿತು. ಎಣ್ಣೆಯ ವಾಸನೆ. ತಗಡಿನ ಮಾಡು ತಣ್ಣಗಾಗುತ್ತ ಆಗಾಗ ಟಿಣ್ ಎನ್ನುತ್ತಿತ್ತು.

"ನಿದ್ದೆ ಬಂತಾ?" ಭಾವ ಪಿಸುಗುಟ್ಟಿದರು.

"ನಿಮಗೆ ಬರೋವರೆಗೂ ಬರಲ್ಲ."

"ಹಾಗಾದರೆ ಇಬ್ಬರೂ ಸಾಯೋವರೆಗೆ ಎದ್ದಿರೋಣ."

"ಭಾವ, ಆ ಮಾತು ಈಗ ಬೇಡ."

ಒಂದು ಗಂಟೆಯೂ ದಾಟಿತು. ಆಗ...

ಕಿರ್...

ಭಾವನ ಕೈ ಅಣ್ಣನ ತೋಳು ಹಿಡಿಯಿತು. ಅಣ್ಣನ ಎರಡೂ ಕೈ ಮಡಿಲಲ್ಲೇ ಇದ್ದವು. ಭಾವನ ಇನ್ನೊಂದು ಕೈಯಲ್ಲಿ ಟಾರ್ಚು.

ಕಿರ್... ಕಿರ್...

ಟಪ್.

ಪ್ಯಾನೆಲ್ಲಿನ ಒಳಗಿನಿಂದ. ಮೂರು ಮಾರು ದೂರದಿಂದ.

"ನೀನಲ್ಲ," ಎಂದರು ಭಾವ. ಉಸಿರೇ ಮಾತಾದ ಹಾಗೆ.

"ನೀವೂ ಅಲ್ಲ."

ಮತ್ತೆ ಕಿರ್... ಕಿರ್... ಟಪ್. ಎರಡನೆಯ ವೈರು. ಆಮೇಲೆ ಹೊಸದೊಂದು ಸದ್ದು. ತಾಮ್ರದ ತುದಿಯಿಂದ ಕಬ್ಬಿಣಕ್ಕೆ ತಟ್ಟಿದ ಹಾಗೆ. ಟಿಕ್. ಟಿಕ್. ನಿಂತು, ಮತ್ತೆ, ಟಿಕ್. ಟಿಕ್. ದಡ್ಡ ಶಿಷ್ಯನಿಗೆ ಮೇಸ್ತ್ರಿ ಬೆರಳಿಟ್ಟು ತೋರಿಸುವ ಹಾಗೆ, ಎಂದ ಅಣ್ಣ ನನಗೆ ಹೇಳುವಾಗ.

ಇಬ್ಬರೂ ದೇವರನ್ನು ನೆನೆದರು. ನಿಧಾನವಾಗಿ ಎದ್ದರು. ಟಾರ್ಚಿನ ಬೆಳಕಿನಲ್ಲಿ ಪಟ್ಟಿ ಹಾಗೇ ಇತ್ತು, ಎರಡೂ ಸಹಿ ಹಾಗೇ ಇದ್ದವು. ಭಾವ ಬಾಗಿಲು ತೆರೆದರು. ಪಟ್ಟಿ ಚರಕ್ಕನೆ ಹರಿಯಿತು.

ಎರಡು ವೈರೂ ಈ ಸಲ ನೇತಾಡುತ್ತಿರಲಿಲ್ಲ. ಕೆಳಗಿನ ಕಾಂಟ್ಯಾಕ್ಟರಿನ ಎರಡು ತಿರುಪುಗಳ ಮೇಲೆ ಒಂದೊಂದು, ನೆಟ್ಟಗೆ ಒರಗಿ ನಿಂತಿದ್ದವು. ಕಾಂಟ್ಯಾಕ್ಟರ್ ಎಂದರೆ ಇಡೀ ಮಷಿನ್ನಿಗೆ ಕರೆಂಟು ಬಿಡುವ, ಕಡಿಯುವ ದಪ್ಪ ಸ್ವಿಚ್ಚು.

ಭಾವ ಬಹಳ ಹೊತ್ತು ನೋಡಿದರು. ಆಮೇಲೆ, "ಫ್ಯೂಸ್ ಹಾಕು ಮಹರಾಯ," ಎಂದರು. ದನಿ ಬೇರೆಯಾಗಿತ್ತು.

ವೈರುಗಳನ್ನು ಮತ್ತೆ ಕಾರ್ಡಿಗೇ ಹಾಕಿದರು, ಮೊದಲಿದ್ದ ಹಾಗೆ. ಕರೆಂಟು ಬಂತು. ಪಿಸಿ ಎದ್ದಿತು. ಕಟ್ಟರು ಹಿಡಿಯುವ ಸ್ಪಿಂಡಲನ್ನು ಖಾಲಿ ತಿರುಗಿಸಿದರು. ಗುಂಯ್ ಎಂದು ತಿರುಗಿತು. ಕೆಂಪು ಗುಂಡಿ ಒತ್ತಿದರೆ ನಿಂತಿತು.

"ನಿಲ್ತಲ್ಲ ಭಾವ."

"ತಡಿ. ಪಿಸಿ ಕೈ ಕೊಟ್ಟರೆ?" ಗುಂಡಿ ಎತ್ತಿ ಮತ್ತೆ ಸ್ಪಿಂಡಲ್ ತಿರುಗಿಸಿದರು. ಪಿಸಿಯಿಂದ ಕಾರ್ಡಿಗೆ ಬರುವ ಕೇಬಲನ್ನು ಕಿತ್ತುಬಿಟ್ಟರು. ಪರದೆ ಇದ್ದಲ್ಲೇ ನಿಂತಿತು. "ಈಗ ಒತ್ತು."

ಅಣ್ಣ ಒತ್ತಿದ. ಸ್ಪಿಂಡಲ್ ತಿರುಗುತ್ತಲೇ ಇತ್ತು. ಅಂಗೈಯಿಂದ ಗುದ್ದಿದ. ಗುಂಯ್... ಎಂದು ತಿರುಗುತ್ತಲೇ ಇತ್ತು. ಭಾವ ಓಡಿಹೋಗಿ ಮೇನ್ ಇಳಿಸಿದ ಮೇಲೆಯೇ ನಿಂತದ್ದು.

"ಗುಂಡಿ ಪಿಸಿಗೆ ಬೇಡಿಕೊಳ್ತಾ ಇತ್ತು ಕಣಯ್ಯ," ಎಂದರು ಭಾವ. "ಪಿಸಿ ಕೇಳಿಸಿಕೊಂಡರೆ ತಾನೇ ನಿಲ್ಲಿಸೋದು? ಕಾರ್ಡಿನ ಜೊತೆ ಬಂದ ಕಾಗದದಲ್ಲಿ ಹಾಗೇ ಬರೆದಿತ್ತು. ಮೂವತ್ತು ವರ್ಷದ ಕೆಲಸ ಮರೆತು ನಾನೂ ಹಾಗೇ ಹಾಕಿದೆ. ಹೆಂಗೂ ಇವನದೇ ಹಟ, ಇವನ ಕಾಗದದ ಹಾಗೇ ಇರಲಿ ಅಂತ..."

ಅಣ್ಣ ತನ್ನ ಕೈ ನೋಡಿಕೊಂಡ. ಯಾವ ಮಷಿನ್ನಿನಲ್ಲಿ ಕಟ್ಟರು ಬದಲಿಸಿದರೂ ಅವನ ರೂಢಿ ಒಂದೇ. ಎಡಗೈಯಿಂದ ಕೆಂಪು ಗುಂಡಿ ಗುದ್ದುವುದು, ಬಲಗೈ ಒಳಗೆ ಹಾಕುವುದು. ಕಣ್ಣು ಅತ್ತ ಹೋಗುವುದೇ ಇಲ್ಲ. ಬೆಳಗಾದರೆ ಇದರಲ್ಲಿ ಮೊದಲ ಕಟಿಂಗ್ ಇತ್ತು.

"ಆ ಎರಡು ವೈರು ಕಾಂಟ್ಯಾಕ್ಟರಿಗೆ ಹೋಗಬೇಕು," ಎಂದರು ಭಾವ. "ಈಗಲೇ. ನೀನು ಫ್ಯೂಸ್ ಕಿತ್ತುಕೊಂಡು ಮೇನ್ ಹತ್ತಿರ ನಿಂತಿರು. ಯಾರೂ ಹಾಕಬಾರದು."

"ಇಲ್ಲಿ ಇನ್ನು ಯಾರಿದ್ದಾರೆ ಭಾವ?"

ಭಾವ ಸ್ಕ್ರೂಡ್ರೈವರ್ ಎತ್ತಿಕೊಂಡರು. ಅಣ್ಣ ಟಾರ್ಚು ತೆಗೆದುಕೊಂಡು ಶಟರಿನ ಪಕ್ಕದ ಮೇನ್ ಬೋರ್ಡಿಗೆ ಹೋದ. ಭಾವ ತಲೆ, ಭುಜ ಎಲ್ಲ ಪ್ಯಾನೆಲ್ಲಿನ ಒಳಗೆ ತೂರಿಸಿ ಕೆಲಸಕ್ಕೆ ಕೂತರು. ಇಪ್ಪತ್ತು ನಿಮಿಷ. ಮುಗಿದ ಮೇಲೆ ಅದೇ ಪರೀಕ್ಷೆ ಮತ್ತೆ ಮಾಡಿದರು. ಕೇಬಲ್ ಕಿತ್ತು ಗುಂಡಿ ಒತ್ತಿದರೆ, ಧಡಕ್ ಎಂದು ಕಾಂಟ್ಯಾಕ್ಟರ್ ಬಿತ್ತು. ಇಡೀ ಮಷಿನ್ ಸತ್ತಂತೆ ನಿಂತಿತು. ಅಷ್ಟು ಒಳ್ಳೆಯ ಸದ್ದು ಜನ್ಮದಲ್ಲಿ ಕೇಳಿಲ್ಲ ಎನ್ನುತ್ತಾನೆ ಅಣ್ಣ.

ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಒಟ್ಟಿಗೆ ಅಕ್ಕನ ಮನೆಯ ಬಾಗಿಲು ತಟ್ಟಿದರು. ಅಕ್ಕ ಇಬ್ಬರನ್ನೂ ನೋಡಿ ಏನೂ ಕೇಳದೆ ಒಳಗೆ ಬಿಟ್ಟಳು. ಎರಡು ತಟ್ಟೆ ಆಗಲೇ ಇಟ್ಟಿದ್ದಳು.

"ಅನುಮಾನ ಪಟ್ಟೆ ಭಾವ," ಎಂದ ಅಣ್ಣ, ತಲೆ ತಗ್ಗಿಸಿ. "ತಪ್ಪಾಯ್ತು."

"ನಾನೇನು ಸುಮ್ಮನೆ ಕೂತಿದ್ದೆನಾ? ಪೇಪರ್ ಅಂಟಿಸಿದ್ದೆ," ಎಂದರು ಭಾವ. "ಉಣ್ಣು."

ನೀರು ಹಾಕುತ್ತಿದ್ದ ಅಕ್ಕ ಕೈ ನಿಲ್ಲಿಸಿದಳು. "ಇದೇನ್ರಿ, ಮುಂಗೈ ಸುಟ್ಟಿದೆ?"

ಭಾವ ನೋಡಿಕೊಂಡರು. ಮುಂಗೈ ಮೇಲೆ ನಾಣ್ಯದಗಲ ಬೊಬ್ಬೆ. "ಓ, ಅದಾ. ವೈರ್ ಹಾಕುವಾಗ ದೀಪ ತಾಗಿತು. ಇವನು ಅಷ್ಟು ಹತ್ತಿರ ಹಿಡಿದಿದ್ದ. ಒಳ್ಳೆ ಬೆಳಕು ಹಿಡಿದೆ ಮಹರಾಯ, ಕೈ ಅಲುಗಿಸಲೇ ಇಲ್ಲ."

ಅಣ್ಣನ ತುತ್ತು ಕೈಯಲ್ಲೇ ಉಳಿಯಿತು.

"ನಾನು ಮೇನ್ ಹತ್ತಿರ ಇದ್ದೆ ಭಾವ. ಪ್ಯಾನೆಲ್ಲಿನ ಒಳಗೆ ಬೆಳಕು ಕಂಡಿತು. ನಿಮ್ಮ ಹತ್ತಿರ ಇನ್ನೊಂದು ಟಾರ್ಚ್ ಇದೆ ಅಂದುಕೊಂಡೆ."

"ನನ್ನ ಹತ್ತಿರ ಎಲ್ಲಿಂದ ಬರಬೇಕು?"

ಅಕ್ಕ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು. "ಇಬ್ಬರೂ ಸೇರಿ ನನ್ನ ಹತ್ತಿರ ಏನೋ ಮುಚ್ಚಿಡ್ತಾ ಇದ್ದೀರಿ," ಎಂದಳು.

ಅದೇ ದಿನ ಮಧ್ಯಾಹ್ನ ನಾನು ಹೋಗಿ ನೋಡಿದೆ. ಭಾವನ ಬೊಬ್ಬೆಯನ್ನೂ ನೋಡಿದೆ, ಮಷಿನ್ನನ್ನೂ ನೋಡಿದೆ. ಅದರ ಮಗ್ಗುಲಲ್ಲಿ ಬಗ್ಗುವ ತೋಳಿನ ಒಂದು ಹಳೆಯ ದೀಪ ಇದೆ, ಬಲ್ಬಿನದು. ಆ ತೋಳು ಪ್ಯಾನೆಲ್ಲಿನ ಕಡೆಗೆ ತಿರುಗಿ, ಒಳಕ್ಕೆ ಬಾಗಿಕೊಂಡಿತ್ತು. ತಾವು ಅದನ್ನು ಮುಟ್ಟಿಲ್ಲ ಎಂದರು ಇಬ್ಬರೂ. ದೀಪದ ಹಿಂದೆ ಕರೆಂಟಿನ ವೈರು ಬರುವ ತೂತಿದೆ. ನಾನು ಕಿರುಬೆರಳು ಹಾಕಿ ನೋಡಿದೆ. ವೈರು ಇಲ್ಲ. ಮಷಿನ್ ತಂದ ದಿನವೇ ಭಾವ ಆ ವೈರನ್ನು ಬುಡದವರೆಗೆ ಕಿತ್ತು ಎಸೆದಿದ್ದರಂತೆ. ಇವತ್ತಿಗೂ ಹಾಕಿಲ್ಲ. ದೇವರ ಮುಂದೆ ಕೈ ಮುಗಿಯುವ ಮನುಷ್ಯ ನಾನು, ಸುಳ್ಳು ಹೇಳಿ ನನಗೆ ಆಗಬೇಕಾದ್ದು ಏನೂ ಇಲ್ಲ. ಆ ತೂತು ಖಾಲಿ ಇತ್ತು.