ತಪ್ಪಿದ್ದರೆ ಎರಡು ಸಲ ತಟ್ಟು

ಅಲ್ಲ, ಇದಕ್ಕೂ ತಟ್ಟಿದೆಯಾ? ನಾನಿನ್ನೂ ಮಾತು ಮುಗಿಸೇ ಇಲ್ಲ ಖೌಲಾ. ಮೂವತ್ತು ವರ್ಷ ಪಾಠ ಹೇಳಿದೋನು ನಾನು, ನನ್ನ ಮಾತು ನಂಬು ಅಂದೆ, ಅಷ್ಟೇ... ಹೂಂ. ಸರಿ. ತಪ್ಪೇ. ದೊಡ್ಡೋರು ಹೇಳಿದ್ರು ಅಂದ ಮಾತ್ರಕ್ಕೆ ಮಾತು ನಿಜ ಆಗಲ್ಲ. ಮೊದಲನೇ ವಾರದ ಪಾಠ, ನಾನೇ ಹೇಳಿಕೊಟ್ಟಿದ್ದು. ವಾದದಲ್ಲಿ ತಪ್ಪು ಕಂಡ್ರೆ ಬಾಯಿ ಬಿಡಬೇಡಿ, ಬೆಂಚಿಗೆ ಎರಡು ಸಲ ತಟ್ಟಿ, ಆಡಿದೋನೇ ತಿದ್ದಿಕೊಳ್ಳಲಿ ಅಂತ. ಇಪ್ಪತ್ತೆರಡು ಜನ ಒಟ್ಟಿಗೆ ಕೂಗಾಡೋದು ತಪ್ಪಲಿ ಅಂತ ಮಾಡಿದ ನಿಯಮ ಕಣಮ್ಮ ಅದು. ಮನೆಗೆ ಬಂದ ಮೇಷ್ಟ್ರ ಎದುರಿಗೆ ಮಡಕೆ ಮಡಿಲಲ್ಲಿ ಇಟ್ಕೊಂಡು ಟಕ್ ಟಕ್ ಅನ್ನಲಿ ಅಂತಲ್ಲ.

ಇದೊಂದೇನಾ ಉಳಿದಿದ್ದು? ನಿಮ್ಮಪ್ಪ ಆಕ್ಟೋಪಸ್ ಹಿಡಿಯೋಕೆ ಸಮುದ್ರಕ್ಕೆ ಇಳಿಸೋ ಮಡಕೆ? ಮಿಕ್ಕಿದ್ದೆಲ್ಲ ಕರಾವಳಿ ಕಾವಲಿನೋರು ಬಂದರಿನ ಕಟ್ಟೆ ಮೇಲೆ ಒಡೆದು ಹಾಕಿದ್ರಂತೆ... ಕೇಳಿದೆ.

ನೀನು ಹನ್ನೊಂದು ದಿನದಿಂದ ತುಟಿ ಬಿಚ್ಚಿಲ್ಲ ಅಂದ್ರು ನಿಮ್ಮಮ್ಮ. ಚಹಾ ಇಟ್ಟು ಒಳಗೆ ಹೋಗೋವಾಗ ತಲೆವಸ್ತ್ರದಲ್ಲಿ ಕಣ್ಣೊರೆಸಿಕೊಂಡ್ರು, ನೋಡಿದೆಯಾ? ನಾಡಿದ್ದು ಬೆಳಿಗ್ಗೆ ಬಕಲೋರಿಯಾ, ಶಾಲೆ ಮುಗಿಸೋ ಪರೀಕ್ಷೆ. ಮೊದಲ ದಿನವೇ ತತ್ವಶಾಸ್ತ್ರ, ನನ್ನ ವಿಷಯ. ನೀನು ಬರಲಿಲ್ಲ ಅಂದ್ರೆ... ನೋಡು, ಪರೀಕ್ಷೆ ಬರೀಲಿಲ್ಲ ಅಂದ್ರೆ ಮನೆಲಿ ಕೂರ್ತೀಯ. ಕೂತ್ರೆ ಮದುವೆ ಮಾಡ್ತಾರೆ. ಮದುವೆ ಆದ್ರೆ ಆಚೆ ದಡದ ಸ್ಫಾಕ್ಸ್‌ಗೆ ಕಳಿಸ್ತಾರೆ. ನಿನ್ನ ಮಕ್ಕಳಿಗೆ ಈಜೋಕೂ ಬರಲ್ಲ. ಆಮೇಲೆ ಈ ಕೆರ್ಕೆನ್ನಾ ದ್ವೀಪದಲ್ಲಿ ದೀಪ ಹಚ್ಚೋರೂ... ಆಯ್ತು, ಆಯ್ತು. ತಟ್ಟಬೇಡ, ಗೊತ್ತಾಯ್ತು. ಜಾರುಬಂಡೆ ವಾದ. ಮೇಲೆ ಕೂತೋಳನ್ನ ಸೀದಾ ಪಾತಾಳಕ್ಕೆ ಇಳಿಸಿಬಿಟ್ಟೆ.

ಯಾಕೆ ನಗ್ತೀಯ? ನಕ್ಕೆ ತಾನೇ? ತುಟಿ ಅಲ್ಲಾಡಿತು... ಇಲ್ವಾ. ನನಗೆ ಹಾಗನ್ನಿಸ್ತು.

ನಾನು ಬಂದಿದ್ದು ಒಂದೇ ಮಾತು ಹೇಳೋಕೆ. ನಿನ್ನ ತಪ್ಪಲ್ಲ. ಕೇಳಿಸ್ತಾ? ನಿನ್ನ ತಪ್ಪಲ್ಲ ಮಗಳೇ. ಹೋಂವರ್ಕ್ ಕೊಟ್ಟೋನು ನಾನು. ಮನೇಲಿ, ಸಂತೇಲಿ, ಹಡಗಲ್ಲಿ, ಎಲ್ಲಾದರೂ ಒಂದು ಕೆಟ್ಟ ವಾದ ಕಿವಿಗೆ ಬಿದ್ರೆ ಚೀಟೀಲಿ ಬರೆದು ತನ್ನಿ, ಹೆಸರು ಹಾಕಬೇಡಿ, ಖಾಲಿ ಹರಿಸ್ಸಾ ಖಾರದ ಡಬ್ಬೀಲಿ ಹಾಕಿ ಅಂದೋನು ನಾನು. ಪುಸ್ತಕದ ಉದಾಹರಣೆ ಯಾರಿಗೆ ಬೇಕು? ಜೀವ ಇರೋ ತಪ್ಪು ಬೇಕು ಅಂದೆ. ಎಂಥೆಂಥ ಚೀಟಿ ಬಂದ್ವು, ನೆನಪಿದೆಯಾ? ಯಾರದೋ ಅಜ್ಜಿ, ಫೋನಿನ ಕಂಬ ನೆಟ್ಟ ಮೇಲೇ ನಮ್ಮ ಅಂಜೂರಕ್ಕೆ ಹುಳ ಬಿದ್ದಿದ್ದು ಅಂದಿದ್ಲಂತೆ. ನೀನು ಬೆಂಚಿನ ಮೇಲೆ ತಲೆ ಇಟ್ಟು ನಕ್ಕಿದ್ದೆ ಅವತ್ತು. ಜೋರಾಗಿ ನಕ್ಕಿದ್ದೆ.

ಈಗ ಅದೇ ಲೆಕ್ಕ ಇಲ್ಲಿಗೂ ಹಾಕು. ನಿಮ್ಮಪ್ಪನ ಮಾತು ಬರೆದು ನೀನು ಚೀಟಿ ಹಾಕಿದ್ದು ಗುರುವಾರ. ಕರಾವಳಿ ಕಾವಲಿನವರು ನಿಮ್ಮಪ್ಪನ ದೋಣಿ ಹಿಡಿದಿದ್ದು ಭಾನುವಾರ. ಒಂದಾದ ಮೇಲೆ ಒಂದು ಆಯ್ತು ಅಂದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಆಯ್ತು ಅಂತಲ್ಲ. ಕಂಬ, ಅಂಜೂರ. ಅಷ್ಟೇ.

ನೋಡಿದೆಯಾ, ಇದಕ್ಕೆ ತಟ್ಟಲಿಲ್ಲ. ಸರಿಯಾದ ಮಾತಿಗೆ ತಟ್ಟಲ್ಲ ನೀನು. ಅದಕ್ಕೇ ನನ್ನ ತರಗತೀಲಿ ನೀನಂದ್ರೆ... ಅದಿರಲಿ. ಹಾಗಾದ್ರೆ ಒಪ್ಪಿದ ಹಾಗಾಯ್ತು. ಬಂದರಿನಲ್ಲಿ ಯಾರೋ ಹೊಟ್ಟೆಕಿಚ್ಚಿನೋರು ಹೇಳಿರ್ತಾರೆ. ಅದು...

ಯಾಕೆ? ಇದರಲ್ಲೇನು ತಪ್ಪು? ಸರಿ, ಯಾರೋ ಅನ್ನೋದಕ್ಕೆ ನನ್ನ ಹತ್ರ ಆಧಾರ ಇಲ್ಲ. ಆದ್ರೆ ಆ ಕಾವಲು ಅಧಿಕಾರಿ ಇದ್ದಾನಲ್ಲ, ಅವನೆಂಥೋನು ಗೊತ್ತಾ? ಅವನ ಸ್ವಂತ ಭಾವನೇ ಹಿಡೀಬಾರದ ಬೆರಳುದ್ದದ ಮರಿಮೀನು ಮಾರ್ತಾನೆ. ಅಂಥೋನು ನಿಮ್ಮಪ್ಪನ ಮೇಲೆ... ಹೂಂ, ತಟ್ಟು. ಆಳನ್ನ ಬೈದ್ರೆ ಮಾತು ಸುಳ್ಳಾಗಲ್ಲ. ನಿಷೇಧ ನಿಷೇಧವೇ. ಆಕ್ಟೋಪಸ್ ಮೊಟ್ಟೆ ಇಡೋ ತಿಂಗಳಲ್ಲಿ ಮಡಕೆ ಇಳಿಸಬಾರದು, ನಿಮ್ಮಪ್ಪ ಇಳಿಸಿದ್ರು. ಎಲ್ಲರೂ ಇಳಿಸ್ತಾರೆ ನಿಜ, ಹಾಗಂತ... ನಾನೇ ಹೇಳಿದೆ, ನೀನು ಬೆರಳು ಎತ್ತೋ ಮೊದಲೇ ನಾನೇ ಹೇಳಿದೆ.

ಏನದು? ನಾಲ್ಕು ಬೆರಳು. ಆಮೇಲೆ ಸೊನ್ನೆ. ನಲವತ್ತು.

ಹೌದು. ನಲವತ್ತು ಅಂತಲೇ ಅಂದ ಆ ಅಧಿಕಾರಿ. ಬಂದರಿನ ಕಟ್ಟೆ ಮೇಲೆ, ಅಷ್ಟು ಜನರ ಎದುರಿಗೆ. "ಏನು ಮಬ್ರೂಕ್, ನಿನ್ನ ನಲವತ್ತು ಮಡಕೆಯಿಂದ ಸಮುದ್ರ ಬಡವಾಗುತ್ತಾ?" ಅಂದ. ನಿಮ್ಮಪ್ಪ ಮನೇಲಿ ಊಟಕ್ಕೆ ಕೂತಾಗ ಒಂದೇ ಒಂದು ಸಲ ಆಡಿದ ಮಾತು. ಅಕ್ಷರ ಬಿಡದೆ ಅದೇ ಮಾತು. ಅದನ್ನ ಕೇಳಿಸಿಕೊಂಡ ಮೇಲೇ ಅವರು ನಿನ್ನನ್ನ... ಮನೆ ಮಾತು ಮಾರಿದೋಳು ಅಂದ್ರಂತಲ್ಲ. ನೀನು ಮುಟ್ಟಿದ ರೊಟ್ಟಿ ತಿನ್ನಲ್ವಂತಲ್ಲ. ನಿಮ್ಮಮ್ಮ ಹೇಳಿದ್ರು ಕಣೇ.

ಇಂಥ ಮಾತು ಯಾರು ಬೇಕಾದ್ರೂ ಆಡ್ತಾರೆ ಅಲ್ವಾ? ಕಾಕತಾಳೀಯ ಇರಬಹುದು.

ತಟ್ಟಿದೆ. ಜೋರಾಗೇ ತಟ್ಟಿದೆ. ಮಡಕೆ ಒಡೆದೀತು, ಮೆಲ್ಲಗೆ.

ಸರಿ, ಚೀಟಿಯಿಂದಲೇ ಹೋಯ್ತು ಅಂತಿಟ್ಟುಕೊಳ್ಳೋಣ. ತರಗತಿ ಹುಡುಗರಲ್ಲಿ ಯಾರಾದ್ರೂ ಬಾಯಿಬಿಟ್ಟಿರಬಹುದು. ನಾನು ಎಲ್ಲಾ ಚೀಟಿನೂ ಗಟ್ಟಿಯಾಗಿ ಓದಿದೆ, ಎಲ್ಲರೂ ಕೇಳಿದ್ರು...

ಏನು? ಓದಿದೆನಲ್ಲ. ಅಂಜೂರದ್ದು ಓದಿದೆ, ಕ್ಷೌರದೋನದ್ದು ಓದಿದೆ... ಓ. ನಿನ್ನದು ಓದಲಿಲ್ಲ. ಹೌದು. ಇಪ್ಪತ್ತೊಂದು ಓದಿದೆ. ಹಸಿರು ಶಾಯಿ ನೋಡಿದ ತಕ್ಷಣ ನಿನ್ನದು ಅಂತ ಗೊತ್ತಾಯ್ತು, ನಿನ್ನ ಬಿಟ್ಟು ಯಾರು ಬರೀತಾರೆ ಹಸಿರಲ್ಲಿ. ಇದು ಬೇರೆ ಥರದ್ದು, ತೊಂದರೆ ಆದೀತು ಅಂತ ಎತ್ತಿಟ್ಟೆ. ನಿನ್ನ ಒಳ್ಳೇದಕ್ಕೇ ಎತ್ತಿಟ್ಟೆ. ಆಮೇಲೆ ಡಬ್ಬೀಲಿದ್ದ ಎಲ್ಲಾನೂ ಅಂಗಳದಲ್ಲಿ ಸುಟ್ಟೆ, ನಿಮ್ಮ ಕಣ್ಣೆದುರಿಗೇ...

ಡಬ್ಬೀಲಿದ್ದಿದ್ದನ್ನ ಅಂದೆ. ಸುಳ್ಳೇನೂ ಹೇಳಲಿಲ್ಲವಲ್ಲ.

ಹಾಗೆ ನೋಡಬೇಡ. ನನಗೆ ಮಂಡಿ ನೋವು, ಈ ಬಿಸಿಲಲ್ಲಿ ನಡ್ಕೊಂಡು ಬಂದಿದ್ದೀನಿ. ಬರೋ ವರ್ಷ ನಿವೃತ್ತಿ. ಹೆಂಡತಿ ಹೋದ ಮೇಲೆ ಆ ತರಗತಿ ಬಿಟ್ರೆ ನನಗೇನಿದೆ ಹೇಳು... ತಟ್ಟು. ತಟ್ಟಮ್ಮ. ಕರುಣೆ ತೋರಿಸಿ ಗೆಲ್ಲೋ ವಾದ. ನಿಜ, ನನ್ನ ಮಂಡಿಗೂ ಇದಕ್ಕೂ ಸಂಬಂಧ ಇಲ್ಲ.

ಒಂದು ಕೆಲಸ ಮಾಡೋಣ. ಅಭ್ಯಾಸ ಅಂತ ತಿಳ್ಕೋ, ಪರೀಕ್ಷೆಗೆ ಮುಂಚಿನ ಕೊನೇ ಅಭ್ಯಾಸ. ನಾನೊಂದು ಕಥೆ ಹೇಳ್ತೀನಿ, ಎಲ್ಲಿ ತಪ್ಪಿದೆಯೋ ಅಲ್ಲಿ ತಟ್ಟು.

ಒಬ್ಬ ಮೇಷ್ಟ್ರು ಇದ್ದ ಅಂತಿಟ್ಟುಕೋ. ಯಾವ ಊರಾದ್ರೂ ಆಗಬಹುದು. ಅವನ ಜೇಬಲ್ಲಿ ಒಂದು ಚೀಟಿ. ಶನಿವಾರ ಸಂಜೆ ಬಂದರಿನ ಕಾಫಿ ಅಂಗಡಿಗೆ ಹೋದ. ಇಸ್ಪೀಟ್ ಆಡೋ ಗೆಳೆಯರು ಅವನನ್ನ ಕಾಡಿಸ್ತಾರೆ. ನಿನ್ನ ಪಾಠ ಕಲಿತು ಮಕ್ಕಳು ಏನು ಕಿಸಿದ್ರಪ್ಪ, ಬಲೆ ಹೆಣೀತಾರಾ, ಅಂತಾರೆ. ದಿನಾ ಅಂತಾರೆ. ದಿನಾ ಸುಮ್ಮನಿರ್ತಿದ್ದ. ಅವತ್ತು ಸುಮ್ಮನಿರಲಿಲ್ಲ.

ತಟ್ಟು, ಬೇಕಾದ್ರೆ ತಟ್ಟು.

ಚೀಟಿ ತೆಗೆದು ಓದಿದ. ನೋಡ್ರೋ, ನನ್ನ ಹುಡುಗಿ ಊಟದ ತಟ್ಟೆ ಮುಂದೆ ಕೂತು ಎಂಥ ತಪ್ಪು ಹಿಡಿದಿದ್ದಾಳೆ ಅಂದ. ಎಲ್ಲ ಕೆಮ್ಮು ಬರೋ ತನಕ ನಕ್ರು. ಬಡವಾಗುತ್ತಾ, ಬಡವಾಗುತ್ತಾ ಅಂತ ಹೇಳಿ ಹೇಳಿ ನಕ್ರು. ಯಾರ ಮನೇದೋ ಅಂತ ಕೇಳಿದ್ರು. ಮೇಷ್ಟ್ರು ಹೆಸರು ಹೇಳಲಿಲ್ಲ...

ಹೂಂ. ಹೇಳಿದ. ಹೆಮ್ಮೆಯಿಂದ ಹೇಳಿದ. ಮಬ್ರೂಕ್ ಮಗಳು, ನನ್ನ ಶಾಲೇಲಿ ಅವಳಂಥೋಳು ಇನ್ನೊಬ್ಬಳಿಲ್ಲ ಅಂದ. ಪಕ್ಕದ ಮೇಜಲ್ಲಿ ಕಾವಲಿನೋರು ಕೂತು ಕಾಫಿ ಕುಡೀತಿದ್ರು. ಅವರೂ ನಕ್ರು. ಮಾರನೇ ದಿನ ಭಾನುವಾರ.

ಆ ಊಟದಲ್ಲಿ ಇದ್ದೋರು ಮೂರೇ ಜನ. ಅಪ್ಪ ಹೇಳಲ್ಲ. ಅಮ್ಮ ಹೇಳಲ್ಲ. ಹುಡುಗಿ ಚೀಟಿ ಹಾಕಿ ಸುಮ್ಮನಾದ್ಲು. ಚೀಟಿ ಓದಿದೋನು ಒಬ್ಬನೇ. ಆದ್ದರಿಂದ ಮನೆ ಮಾತು ಮಾರಿದ್ದು ಹುಡುಗಿ ಅಲ್ಲ...

ಈಗ ತಟ್ಟು. ಎಲ್ಲಾದರೂ ತಪ್ಪಿರಬೇಕು, ಹುಡುಕು. ನಾನು ಹೇಳಿದ್ದಕ್ಕೆಲ್ಲ ತಟ್ಟಿದೆ, ಇದೊಂದಕ್ಕೆ ತಟ್ಟಕ್ಕಾಗಲ್ವಾ? ಬೆರಳು ಮಡಕೆ ಮೇಲೇ ಇದೆ. ಒಂದಿಷ್ಟು ಎತ್ತಿದ್ರೆ ಸಾಕು.

ತಟ್ಟಲ್ಲ.

ಸರಿ, ನಿಮ್ಮಪ್ಪನಿಗೆ ನಾನೇ ಹೇಳ್ತೀನಿ. ಪರೀಕ್ಷೆ ಎಲ್ಲ ಮುಗೀಲಿ, ಆಮೇಲೆ ನಿಧಾನವಾಗಿ... ನಾಳೆ. ನಾಳೆ ಬೆಳಿಗ್ಗೆ ಹೇಳ್ತೀನಿ, ರಾತ್ರಿ ಸ್ವಲ್ಪ ಯೋಚನೆ ಮಾಡಿ... ಇವತ್ತು. ಇಲ್ಲೇ ಕೂತಿರ್ತೀನಿ, ಅವರು ಬಂದ ತಕ್ಷಣ ಹೇಳ್ತೀನಿ. ಕಾಫಿ ಅಂಗಡೀಲೂ ಹೇಳ್ತೀನಿ, ಅದೇ ಮೇಜಿನ ಮುಂದೆ ನಿಂತು. ಹೆದರಿಕೆ ಆಗುತ್ತೆ ಕಣಮ್ಮ ನನಗೆ. ಅವರೆಲ್ಲ ಇನ್ನು ನನ್ನ ಮುಖ ನೋಡಲ್ಲ. ಆದ್ರೂ ಹೇಳ್ತೀನಿ.

ನೀನು ಬರೀ ಒಂದು ಮಾತು ಹೇಳು. ಬೇಡ, ಮಾತು ಬೇಡ. ಮೂರು ಜನ, ಒಂದು ಚೀಟಿ, ಓದಿದೋನು ಒಬ್ಬ... ಈ ಲೆಕ್ಕ ನೀನು ಇವತ್ತು ಹಾಕಿದ್ದಲ್ಲ ಅಲ್ವಾ? ಮೊದಲ ದಿನವೇ ಹಾಕಿದ್ದೆ. ನನ್ನ ಹೆಸರು ಗೊತ್ತಿತ್ತು ನಿನಗೆ. ನಿಮ್ಮಪ್ಪ ಎದುರಿಗೆ ನಿಂತು ಬೈಯೋವಾಗ, ರೊಟ್ಟಿ ದೂಡೋವಾಗ, ಆ ಹೆಸರು ಬಾಯಲ್ಲೇ ಇತ್ತು. ನನ್ನ ಹೆಸರು ಹೊರಗೆ ಬರಬಾರದು ಅಂತ ಹನ್ನೊಂದು ದಿನ ಬಾಯಿ ಮುಚ್ಕೊಂಡಿದ್ದೆ.

ಹಾಗಲ್ಲ ಅನ್ನು. ಗೊತ್ತಿರಲಿಲ್ಲ ಅಂತ ತಟ್ಟು ಖೌಲಾ. ಎರಡು ಸಲ ಬೇಡ... ಒಂದೇ ಸಲ ತಟ್ಟಿದ್ರೂ ಸಾಕು.