ಒಂದು ಗುರುವಾರವನ್ನೂ ತಪ್ಪಿಸದವರು

ಈ ಸಭೆಯ ಅಧ್ಯಕ್ಷರಾದ ಬಸವರಾಜು ಅವರೇ, ಕೂಟದ ಕಾರ್ಯದರ್ಶಿಗಳಾದ ಗೋವಿಂದರಾಜು ಅವರೇ, ಶಾಲು ಹೊದ್ದು, ಹಾರವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುವ ಇಂದಿನ ಸನ್ಮಾನಿತರೇ, ಗುರುವಾರದ ಗಾಲ್ಫ್ ಕೂಟದ ಸದಸ್ಯರೇ, ಸಭಿಕರೇ,

ವೇದಿಕೆಯ ಮೇಲೆ ನಿಂತು ಮಾತನಾಡಿ ನನಗೆ ಅಭ್ಯಾಸವಿಲ್ಲ. ಸನ್ಮಾನಿತರ ಪತ್ನಿಯಾಗಿ ಎರಡು ಮಾತು ಆಡಬೇಕೆಂದು ಗೋವಿಂದರಾಜು ಅವರು ಮನೆಗೇ ಬಂದು ಕೇಳಿಕೊಂಡರು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೆಸರು ಹೇಳದೆ ಒಬ್ಬರನ್ನು ಹೊಗಳುವುದು ಹೇಗೆ? ನಿಮ್ಮ ಆಮಂತ್ರಣ ಪತ್ರಿಕೆಯೇ ದಾರಿ ತೋರಿಸಿತು. ಅದರಲ್ಲಿ ದಪ್ಪಕ್ಷರದಲ್ಲಿ ‘ಸನ್ಮಾನಿತರು’ ಎಂದು ಅಚ್ಚಾಗಿದೆ. ಮದುವೆಯಾದಂದಿನಿಂದ ಅವರನ್ನು ಕರೆಯಲು ನನಗೆ ಸಿಕ್ಕ ಮೊದಲ ಪದ ಇದು. ಈ ಕೂಟಕ್ಕೆ ನನ್ನ ಮೊದಲ ಕೃತಜ್ಞತೆ ಅದಕ್ಕಾಗಿ.

ನನ್ನ ಮಾತು ಮುಗಿದ ಮೇಲೆ ಅಧ್ಯಕ್ಷರು ಒಂದು ನಿರ್ಣಯ ಮಂಡಿಸುವವರಿದ್ದಾರೆ. ಗುರುವಾರದ ಕೂಟ ಇನ್ನು ಮುಂದೆ ಗಂಡಸರದಷ್ಟೇ ಆಗಿರಬಾರದು. ಮುಂದಿನ ವಾರದಿಂದ ಎಲ್ಲರೂ ಹೆಂಡತಿಯರನ್ನು ಕರೆತರಬೇಕು. ಗಂಡಸರು ಆಡುವಾಗ ಹೆಂಗಸರಿಗೆ ಬೆತ್ತದ ಕುರ್ಚಿ, ಕಾಫಿ, ತಂಬೋಲ. ಹನ್ನೆರಡು ವರ್ಷ ನಮ್ಮನ್ನು ಮನೆಯಲ್ಲಿ ಬಿಟ್ಟುಹೋದದ್ದಕ್ಕೆ ಇದು ಪರಿಹಾರವೆಂದು ಗೋವಿಂದರಾಜು ಅವರು ಬಹಳ ಪ್ರೀತಿಯಿಂದ ಹೇಳಿದರು. ಇದಕ್ಕೆ ಹೆಂಗಸರ ಪರವಾಗಿ ನಾನು ಧನ್ಯವಾದ ಅರ್ಪಿಸಬೇಕೆಂದು ಅವರ ಅಪೇಕ್ಷೆ.

ಧನ್ಯವಾದ ಹೇಳಲೆಂದೇ ಬಂದಿದ್ದೇನೆ. ಆದರೆ ಆ ನಿರ್ಣಯ ಬೇಡವೆಂದು ಕೇಳಿಕೊಳ್ಳಲೂ ಬಂದಿದ್ದೇನೆ. ಯಾಕೆ ಬೇಡ ಎಂದು ಹೇಳಬೇಕಾದರೆ ನಮ್ಮ ಅತ್ತೆಯವರ ವಿಷಯ ಹೇಳಬೇಕಾಗುತ್ತದೆ. ಸನ್ಮಾನಿತರು ಕ್ಷಮಿಸಬೇಕು.

ಈ ಕೂಟ ಹುಟ್ಟಿದ್ದು ಐವತ್ತನೇ ಇಸವಿಯಲ್ಲಿ. ಸ್ವಾತಂತ್ರ್ಯ ಬಂದಾಗ ಊರಿಗೆ ಹೊರಟುಹೋದ ಒಬ್ಬ ಇಂಗ್ಲಿಷ್ ದೊರೆ ಹೂಟಗಳ್ಳಿ ಕಡೆಯ ಬಯಲಿನಲ್ಲಿ ಒಂಬತ್ತು ಗುಂಡಿ ತೋಡಿಸಿಟ್ಟಿದ್ದರಂತೆ. ಅವರು ಬಿಟ್ಟುಹೋದ ಎರಡು ಚೀಲ ಕೋಲುಗಳು ಸನ್ಮಾನಿತರ ಕಚೇರಿಯ ಉಗ್ರಾಣದಲ್ಲಿ ಸಿಕ್ಕವು. ಮುಂದಿನದು ನಿಮಗೆಲ್ಲ ಗೊತ್ತು. ಆ ಮೈದಾನವನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ. ‘ಗ್ರೀನ್’ ಎಂದು ನೀವು ಕರೆಯುವ ಜಾಗದಲ್ಲಿ ಎಣ್ಣೆ ಹಾಕಿ ಗಟ್ಟಿಸಿದ ಕಂದು ಮರಳಿತ್ತು. ಹಸಿರು ಎಲ್ಲಿ ಎಂದು ಕೇಳಿದೆ. ಎಮ್ಮೆಗಳು ತಿಂದುಬಿಟ್ಟಿವೆ ಎಂದು ಅಧ್ಯಕ್ಷರೇ ಹೇಳಿದರು.

ನಮ್ಮದು ಮಡಿಯ ಮನೆ. ಅತ್ತೆ ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಕೂದಲು ತೆಗೆಸಿ, ಕೆಂಪು ಸೀರೆ ಉಟ್ಟು, ಒಬ್ಬನೇ ಮಗನನ್ನು ಓದಿಸಿದವರು. ತೊಗಲಿನ ಚೀಲ ಹೆಗಲಿಗೇರಿಸಿ ಆಡಲು ಹೋಗುತ್ತೇನೆಂದು ಆ ತಾಯಿಗೆ ಹೇಳಲು ಸನ್ಮಾನಿತರಿಗೆ ಬಾಯಿ ಬರಲಿಲ್ಲ. ಕೂಟದ ದಿನ ಗುರುವಾರ. ಗುರುವಾರವೆಂದರೆ ರಾಯರ ವಾರ. “ಅಮ್ಮ, ಇನ್ಮೇಲೆ ಗುರುವಾರ ಸಾಯಂಕಾಲ ರಾಯರ ಮಠಕ್ಕೆ ಹೋಗಿ ಸೇವೆ ಮಾಡ್ತೀನಿ” ಎಂದುಬಿಟ್ಟರು.

ಅತ್ತೆಗೆ ಕಣ್ಣು ತುಂಬಿ ಬಂತು. “ಸೇವೆ ಅಂದ್ರೆ ಸುಮ್ನೆ ಅಲ್ಲ ಕಣೋ. ಅವತ್ತು ಒಪ್ಪತ್ತು ಇರ್ಬೇಕು” ಎಂದರು.

ಅಂದಿನಿಂದ ಇಂದಿನವರೆಗೆ ಪ್ರತಿ ಗುರುವಾರ ಸನ್ಮಾನಿತರು ಒಂದೇ ಊಟ ಮಾಡಿ ಆಡಿದ್ದಾರೆ. ರಾತ್ರಿ ಮನೆಗೆ ಬಂದರೆ ಅವಲಕ್ಕಿ, ಬಾಳೆಹಣ್ಣು, ಅಷ್ಟೇ. ಸನ್ಮಾನ ಪತ್ರದಲ್ಲಿ ಅವರ ತೆಳ್ಳನೆಯ ಮೈಕಟ್ಟನ್ನು ಹೊಗಳಿದ್ದೀರಿ. ಅದರ ಕೀರ್ತಿ ಆಟಕ್ಕೆ ಸಲ್ಲಬೇಕೋ ಅತ್ತೆಗೆ ಸಲ್ಲಬೇಕೋ ನೀವೇ ತೀರ್ಮಾನಿಸಿ. ಕೂಟದಲ್ಲಿ ಈರುಳ್ಳಿ ಬಜ್ಜಿ ತಿಂದು ಬಂದ ದಿನ ಅತ್ತೆ ಬಾಗಿಲ ಹಿಂದೆ ಮೂಗರಳಿಸಿ, “ಮಠದಲ್ಲಿ ಈಗ ಈರುಳ್ಳೀನೂ ಪ್ರಸಾದ ಮಾಡಿದ್ರಾ?” ಎಂದು ನನ್ನನ್ನು ಕೇಳಿದ್ದರು. ಆಗ ನಾನು ಅದನ್ನು ತಮಾಷೆಯೆಂದು ತಿಳಿಯಲಿಲ್ಲ. ಹೆದರಿಬಿಟ್ಟೆ.

ಮಠಕ್ಕೆ ಹೋದವರು ಮಂತ್ರಾಕ್ಷತೆ ತರಬೇಕಲ್ಲ? ಮಠ ಒಂದು ದಿಕ್ಕಿಗೆ, ಹೂಟಗಳ್ಳಿ ಇನ್ನೊಂದು ದಿಕ್ಕಿಗೆ. ಸನ್ಮಾನಿತರು ಇಂಜಿನಿಯರಲ್ಲವೇ, ಒಂದು ಏರ್ಪಾಟು ಮಾಡಿಕೊಂಡರು. ಒಂದು ಸಲ ಮಠಕ್ಕೆ ಹೋಗಿ ದೊಡ್ಡ ಪೊಟ್ಟಣ ತಂದು ಕಚೇರಿಯ ಮೇಜಿನಲ್ಲಿಟ್ಟರು. ವಾರ ವಾರ ಅದರಿಂದ ಒಂದು ಚಿಟಿಕೆ. ಹೀಗೆ ಕೆಲವು ತಿಂಗಳು ನಡೆಯಿತು.

ಮರುವರ್ಷದ ಮಳೆಗಾಲದಲ್ಲಿ ಒಂದು ದಿನ ಅತ್ತೆ ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡು ನನ್ನನ್ನು ಕರೆದರು.

“ಪಂಕಜಾ, ಇದು ನೆನ್ನೆ ಅವನು ತಂದ ಮಂತ್ರಾಕ್ಷತೆ. ಇದರಲ್ಲಿ ಏನೋ ಓಡಾಡ್ತಿದೆ ನೋಡು.”

“ಹುಳ ಅತ್ತೆ.”

“ನೆನ್ನೆ ಕೊಟ್ಟ ಅಕ್ಷತೆಗೆ ಇವತ್ತೇ ಹುಳ ಬಿತ್ತಾ?”

ನಾನು ಸೆರಗಿನ ತುದಿಯಿಂದ ಆ ಹುಳವನ್ನು ತೆಗೆಯಹೋದೆ.

“ಹೋಗ್ಲಿ ಬಿಡು. ನಿಜವಾಗಿ ಎಲ್ಲಿಗೆ ಹೋಗ್ತಾನೆ ಹೇಳು. ಕುಡಿಯೋಕಾ?”

“ಅಯ್ಯೋ, ಇಲ್ಲ ಅತ್ತೆ! ಕೋಲಲ್ಲಿ ಚೆಂಡು ಹೊಡೆಯೋಕೆ.”

“ಯಾರಿಗೆ ಹೊಡೀತಾನೆ?”

“ಯಾರಿಗೂ ಇಲ್ಲ. ಗುಂಡಿಗೆ ಹಾಕ್ತಾರೆ.”

“ಹಾಕಿ?”

“ಆಮೇಲೆ ತೆಗೀತಾರೆ.”

“ತೆಗೆದು?”

“ಇನ್ನೊಂದು ಗುಂಡಿಗೆ ಹಾಕ್ತಾರೆ.”

ಅತ್ತೆ ಅಳುತ್ತಾರೋ, ಮಗನನ್ನು ಕರೆದು ಕೇಳುತ್ತಾರೋ ಎಂದು ನನಗೆ ಭಯ. ಅವರು ಕೇಳಿದ್ದು ಬೇರೆ.

“ಆ ಬಸವರಾಜೂನೂ ಅಲ್ಲಿಗೇ ಹೋಗ್ತಾನಾ?”

“ಹೂಂ.”

“ದಿನಾ ಬಂದು ಇಸ್ಪೀಟು ಆಡ್ತಾರಲ್ಲ, ಮಿಕ್ಕೋರು?”

“ಎಲ್ಲಾರೂ ಅಲ್ಲೇ ಅತ್ತೆ. ಬರೋದು ಒಂಬತ್ತಾಗತ್ತೆ.”

“ಹಾಗಾದ್ರೆ ಗುರುವಾರ ಹಜಾರದಲ್ಲಿ ಯಾರೂ ಇರಲ್ಲ.”

“ಯಾರೂ ಇರಲ್ಲ.”

ಒಂಟಿಕೊಪ್ಪಲಿನ ನಮ್ಮ ಮನೆಯ ಹಜಾರವನ್ನು ನೀವೆಲ್ಲ ಬಲ್ಲಿರಿ. ವಾರದ ಉಳಿದ ಸಂಜೆಗಳಲ್ಲಿ ನೀವು ಅಲ್ಲೇ ಇರುತ್ತೀರಿ. ನೀವಿರುವಾಗ ಅತ್ತೆ ಅಡಿಗೆಮನೆಯ ಬಾಗಿಲು ದಾಟಿ ಬಂದದ್ದನ್ನು ಯಾರಾದರೂ ಕಂಡಿದ್ದೀರಾ? ಬರಬೇಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬನ್ನಿ ಎಂದೂ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಮುಂದಿನ ಗುರುವಾರ ಸನ್ಮಾನಿತರ ಸೈಕಲ್ಲು ಬೀದಿ ತಿರುಗಿದ ಮೇಲೆ ಅತ್ತೆ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಹಜಾರಕ್ಕೆ ಬಂದರು. ಮೂಲೆಯಲ್ಲಿ ನಮ್ಮ ಮಾವನವರ ಆರಾಮಕುರ್ಚಿ ಇತ್ತು. ಅತ್ತೆಯ ಮದುವೆಯಲ್ಲಿ ಅವರ ತಂದೆ ಅಳಿಯನಿಗೆಂದು ಮಾಡಿಸಿಕೊಟ್ಟ ಕುರ್ಚಿ. ಅದರ ಧೂಳು ಒರೆಸಿದವರು ಅವರು, ಬಟ್ಟೆ ಹರಿದಾಗ ಹೊಲಿದವರು ಅವರು. ಅಂದು ಅದರಲ್ಲಿ ಕುಳಿತರು. ಕಾಲು ಚಾಚಿದರು. “ಬೆನ್ನಿಗೆ ಹಿತವಾಗಿದೆ ಕಣೇ” ಎಂದರು. ಬೀದಿ ಬಾಗಿಲು ತೆರೆದಿಡಲು ಹೇಳಿದರು. ದೀಪ ಹಚ್ಚುವವರೆಗೆ ರಸ್ತೆಯಲ್ಲಿ ಹೋಗುವವರನ್ನು ನೋಡುತ್ತಾ ಕುಳಿತರು.

ಎದುರು ಮನೆಯ ಅಲಮೇಲು ಅದನ್ನು ಕಂಡು ಬಂದಳು. ಆಮೇಲೆ ಅಧ್ಯಕ್ಷರ ಮನೆಯವರಾದ ಸರೋಜಮ್ಮ ಬಂದರು. ಅಧ್ಯಕ್ಷರೇ, ನಿಮ್ಮ ಮನೆಯವರು ಗುರುವಾರ ಸಂಜೆ ಎಲ್ಲಿರುತ್ತಾರೆಂದು ನೀವು ಯಾವತ್ತಾದರೂ ಕೇಳಿದ್ದೀರಾ? ಮೊದಲ ದಿನ ಅವರು ಹೊಸಿಲಲ್ಲೇ ನಿಂತು, “ನಿಮ್ದು ಮಡಿ ಅಲ್ವಾ ದೊಡ್ಡಮ್ಮ, ನಾನು ಇಲ್ಲೇ ಕೂತ್ಕೊತೀನಿ ಬುಡಿ” ಎಂದರು. ಅತ್ತೆ, “ಮಡಿ ಬೆಳಿಗ್ಗೆಗೆ. ಗುರುವಾರ ಸಾಯಂಕಾಲ ನಂಗೆ ರಜ. ಒಳಗೆ ಬಾರಮ್ಮ” ಎಂದರು. ಅವರೆಕಾಯಿ ಕಾಲದಲ್ಲಿ ಸರೋಜಮ್ಮ ಮಡಿಲ ತುಂಬ ತಂದು ಸುರಿಯುತ್ತಾರೆ. ಎಲ್ಲರೂ ಸೇರಿ ಹಿದುಕುತ್ತೇವೆ. ಶುಕ್ರವಾರ ನೀವು ಹೊಗಳಿ ತಿನ್ನುವ ಹಿದುಕಿದ ಬೇಳೆ ಸಾರಿನ ಮೂಲ ಅದು.

ಕೈ ಅವರೆಯಲ್ಲಿರುವಾಗ ಕಿವಿಗೆ ಏನಾದರೂ ಬೇಕಲ್ಲ? ನಾನು ಇಂಟರ್‌ಮೀಡಿಯೆಟ್‌ವರೆಗೆ ಓದಿದವಳು. ಬೇರೆ ದೇಶದ, ಬೇರೆ ಭಾಷೆಯ ಕಾದಂಬರಿಗಳು ಕನ್ನಡಕ್ಕೆ ಬಂದರೆ ಹುಡುಕಿ ತರಿಸುತ್ತೇನೆ. ಅವನ್ನೇ ಗಟ್ಟಿಯಾಗಿ ಓದತೊಡಗಿದೆ. ಹೆಸರುಗಳು ಬಾಯಿಗೆ ಬಾರದೆ ಅತ್ತೆ ಎಲ್ಲರಿಗೂ ಬೇರೆ ನಾಮಕರಣ ಮಾಡಿದರು. ರಷ್ಯದ ಒಬ್ಬ ಸೇನಾಧಿಕಾರಿ ನಮ್ಮಲ್ಲಿ ‘ಮೋಟು ಸಾಹುಕಾರ’. ಮಾತುಮಾತಿಗೂ ಕಣ್ಣೀರಿಡುವ ಅವನ ತಮ್ಮ ‘ನಲ್ಲಿ’. “ನಲ್ಲಿ ಇವತ್ತು ಬಂದಿಲ್ವೇನೇ?” ಎಂದು ಅಲಮೇಲು ಕೇಳಿದರೆ ನಾವು ಉಸಿರು ಕಟ್ಟುವಂತೆ ನಗುತ್ತೇವೆ. ಅತ್ತೆ ಬಾಯಿಬಿಟ್ಟು ನಗುವುದನ್ನು ನಾನು ಮೊದಲು ಕೇಳಿದ್ದು ಹಜಾರದಲ್ಲಿ. ಅದಕ್ಕೆ ಮೊದಲು ಏಳು ವರ್ಷ ಒಂದೇ ಮನೆಯಲ್ಲಿದ್ದೆವು.

ಒಂದು ಕಥೆಯಲ್ಲಿ ಒಬ್ಬ ವಿಧವೆ ಹೊಸ ಉಡುಪು ತೊಟ್ಟು ಸಂತೋಷಕೂಟಕ್ಕೆ ಹೊರಡುವ ಪ್ರಸಂಗ ಬಂತು. ಅತ್ತೆಯ ಎದುರು ಅದನ್ನು ಓದುವುದು ಹೇಗೆ? ಎರಡು ಹಾಳೆ ಒಟ್ಟಿಗೆ ತಿರುಗಿಸಿ ಮುಂದೆ ಹೋದೆ.

“ನಿಲ್ಲು” ಎಂದರು. “ಬಿಟ್ಟಿದ್ದನ್ನ ಓದು.”

ಓದಿದೆ. ಕನ್ನಡಿಯ ಮುಂದೆ ಅವಳು ನಿಲ್ಲುವುದು, ತಲೆ ಬಾಚಿಕೊಳ್ಳುವುದು, ಗಾಡಿ ಹತ್ತುವುದು, ಎಲ್ಲವನ್ನೂ ಓದಿದೆ. ಸರೋಜಮ್ಮ ಅವರೆಕಾಯಿ ಬುಟ್ಟಿಯನ್ನೇ ನೋಡುತ್ತಿದ್ದರು. ಕೊನೆಗೆ ಅತ್ತೆ, “ಅವಳ ಕೂದಲು ಎಷ್ಟುದ್ದ ಅಂತ ಬರ್ದಿದ್ಯಾ?” ಎಂದರು.

“ಬರೆದಿಲ್ಲ ಅತ್ತೆ.”

“ಬರೀಬೇಕಿತ್ತು.”

ಕ್ಷಮಿಸಿ. ಈ ಪ್ರಸಂಗವನ್ನು ಇಲ್ಲಿ ಹೇಳಬೇಕೆಂದು ನಾನು ಅಂದುಕೊಂಡಿರಲಿಲ್ಲ.

ಸನ್ಮಾನ ಪತ್ರಕ್ಕೆ ಬರುತ್ತೇನೆ. “ಮಳೆಯೆನ್ನದೆ, ಚಳಿಯೆನ್ನದೆ, ಒಂದು ಗುರುವಾರವನ್ನೂ ತಪ್ಪಿಸದ” ಎಂದು ಅದರಲ್ಲಿ ಬರೆದಿದ್ದೀರಿ. ಅಕ್ಷರಶಃ ನಿಜ. ಆದರೆ ಯಾಕೆ ತಪ್ಪಿಸಲಿಲ್ಲ? ಒಂದು ಗುರುವಾರ ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ಸನ್ಮಾನಿತರು ಕಂಬಳಿ ಹೊದ್ದು ಹಜಾರದಲ್ಲೇ ಕುಳಿತರು. ಅಡಿಗೆಮನೆಯಿಂದ ಧ್ವನಿ ಬಂತು: “ರಾಯರಿಗೆ ಮಳೆ ಇಲ್ವೇನೋ? ಏಳು, ಸೇವೆ ತಪ್ಪಿಸ್ಬಾರದು.” ಛತ್ರಿ ಹಿಡಿದು ಹೂಟಗಳ್ಳಿಗೆ ಹೋಗಿ, ಅಲ್ಲಿಯ ತಗಡಿನ ಚಾವಣಿಯ ಕೆಳಗೆ ಒಬ್ಬರೇ ಕುಳಿತಿದ್ದು ಬಂದರು. ಬಡ್ತಿ ಬಂದ ವರ್ಷ, ಕೆಲಸ ಜಾಸ್ತಿ, ಇನ್ನು ಗುರುವಾರ ಸಾಧ್ಯವಿಲ್ಲ ಎಂದರು. “ರಾಯರಿಂದ ಬಂದ ಬಡ್ತಿ, ಈಗ ರಾಯರನ್ನೇ ಬಿಡ್ತೀಯಾ?” ಎಂದು ಅತ್ತೆ ಒಂದು ಹೊತ್ತು ಊಟವನ್ನೇ ಬಿಟ್ಟರು. ಸನ್ಮಾನಿತರು ಸೈಕಲ್ಲು ತೆಗೆದರು. ಹಾಗಾಗಿ ನೀವು ಹೊದಿಸಿದ ಈ ಶಾಲಿನಲ್ಲಿ ಅರ್ಧ ಪಾಲು ಇನ್ನೊಬ್ಬರದು.

ಸನ್ಮಾನಿತರು ನನ್ನನ್ನೇ ನೋಡುತ್ತಿದ್ದಾರೆ. ಅವರು ಹೇಳಿದ್ದು ತಾಯಿಯ ಮನಸ್ಸು ನೋಯಬಾರದೆಂಬ ಸುಳ್ಳು. ಹನ್ನೆರಡು ವರ್ಷದಲ್ಲಿ, ನಾನು ಗುರುವಾರ ಏನು ಮಾಡುತ್ತೇನೆಂದು ಅವರು ಒಮ್ಮೆಯೂ ಕೇಳಲಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ಕೇಳಿದ್ದರೆ ನಾನೂ ಯಾವುದಾದರೂ ಮಠದ ಹೆಸರು ಹೇಳಬೇಕಾಗುತ್ತಿತ್ತು.

ಗೋವಿಂದರಾಜು ಅವರು ಮನೆಗೆ ಬಂದು ಈ ನಿರ್ಣಯದ ಸುದ್ದಿ ಹೇಳಿದಾಗ ಅತ್ತೆ ಬಾಗಿಲ ಹಿಂದೆ ನಿಂತು ಕೇಳಿದರು. ಅವರು ಹೋದ ಮೇಲೆ, “ಹೋಗಿ ಬನ್ನಿ. ನಿಮಗೂ ಒಂದಿಷ್ಟು ಗಾಳಿ ಬೇಕು” ಎಂದರು. ಮರುದಿನ ಬೆಳಿಗ್ಗೆ ನೋಡಿದರೆ ಆರಾಮಕುರ್ಚಿಯನ್ನು ಮಡಿಸಿ ಗೋಡೆಗೆ ಒರಗಿಸಿದ್ದರು. ನಾನು ಬಿಡಿಸಿಟ್ಟೆ. ಅವರು ಮತ್ತೆ ಮಡಿಸಿದರು. ಇಂದು ಮಧ್ಯಾಹ್ನ ನಾನು ಹೊರಡುವಾಗ ಏನು ಮಾತಾಡಲಿ ಎಂದು ಅವರನ್ನೇ ಕೇಳಿದೆ. “ನಿಜ ಹೇಳಿಬಿಡು. ಪಾಪ, ಅವನೂ ಎಷ್ಟು ದಿನ ಅಂತ ಹಸ್ಕೊಂಡು ಆಡ್ತಾನೆ?” ಎಂದರು. ತಮಗೇನು ಬೇಕು ಎಂದು ಅವರು ಹೇಳಲಿಲ್ಲ. ಅದನ್ನು ನಾನು ಕೇಳುತ್ತಿದ್ದೇನೆ.

ನಿಮ್ಮ ಆಟದಲ್ಲಿ ಒಂದು ನಿಯಮವಿದೆಯಂತೆ. ಬಲಿಷ್ಠ ಆಟಗಾರ ಎದುರಿನ ದುರ್ಬಲನಿಗೆ ಮೊದಲೇ ಕೆಲವು ಏಟುಗಳ ರಿಯಾಯಿತಿ ಕೊಡುತ್ತಾನಂತೆ. ಅದರಿಂದ ಇಬ್ಬರಿಗೂ ಆಟ ಸೊಗಸಾಗುತ್ತದಂತೆ. ಎಂಥ ಸಭ್ಯ ನಿಯಮ! ನಿಮಗೆ ಗೊತ್ತಿಲ್ಲದೆಯೇ ಹನ್ನೆರಡು ವರ್ಷ ನಮಗೆ ಆ ರಿಯಾಯಿತಿ ಕೊಟ್ಟಿದ್ದೀರಿ. ಒಂದು ಮನೆಯ ಹಜಾರವನ್ನು ವಾರಕ್ಕೊಂದು ಸಂಜೆ ಖಾಲಿ ಮಾಡಿಕೊಟ್ಟಿದ್ದೀರಿ. ನನ್ನ ಕೃತಜ್ಞತೆ ಅದಕ್ಕೆ. ನಿಮ್ಮ ಬೆತ್ತದ ಕುರ್ಚಿಗಳಿಗೂ ಕಾಫಿಗೂ ನಾವು ಋಣಿಗಳು. ಭಾನುವಾರ ಕರೆಯಿರಿ, ಸಂತೋಷವಾಗಿ ಬರುತ್ತೇವೆ. ಗುರುವಾರವನ್ನು ಮಾತ್ರ ಇದ್ದ ಹಾಗೆಯೇ ಬಿಡಿ.

ಊಟಕ್ಕೆ ನಾನು ನಿಲ್ಲುವುದಿಲ್ಲ. ಇಂದೂ ಗುರುವಾರವೇ; ಅಲಮೇಲು, ಸರೋಜಮ್ಮ ಆಗಲೇ ನಮ್ಮ ಮನೆಯಲ್ಲಿದ್ದಾರೆ. ಜಟಕಾ ಹೊರಗೆ ನಿಂತಿದೆ. ಸನ್ಮಾನಿತರು ನಿಧಾನವಾಗಿ, ಹೊಟ್ಟೆ ತುಂಬ ಊಟ ಮಾಡಿ ಬರಲಿ. ಅವರ ಸೈಕಲ್ಲಿನ ಗಂಟೆ ಕೇಳಿದ ಕೂಡಲೇ ಅತ್ತೆ ಎದ್ದು ಒಳಗೆ ಹೋಗುತ್ತಾರೆ, ಮಂಡಿ ನೋವಿದ್ದರೂ. ನಿರ್ಣಯವನ್ನು ಒಪ್ಪುವುದೂ ಬಿಡುವುದೂ ಸಭೆಗೆ ಸೇರಿದ್ದು. ಅದು ಗುರುವಾರದ ಮಾತು. ಉಳಿದ ಆರು ಸಂಜೆಗಳ ಮಾತನ್ನು ಸನ್ಮಾನಿತರ ಜೊತೆ ಮನೆಯಲ್ಲಿ ಆಡುತ್ತೇನೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದಕ್ಕೆ ನಿಮಗೆಲ್ಲ ವಂದನೆಗಳು. ನಮಸ್ಕಾರ.